ಮೊದಲು ಗೋಡೆ, ಆಮೇಲೆ ಬೊಂಡ

ಹೋದ ತಿಂಗಳು ಗುಳ್ಳ ತರಲೆಂದು ಮಟ್ಟುವಿಗೆ ಹೋಗಿದ್ದೆ. ಆದಿ ಉಡುಪಿಯ ಸಂತೆಯಲ್ಲೂ ಗುಳ್ಳ ಸಿಗುತ್ತದೆ, ಮನೆಯಿಂದ ನಾಲ್ಕು ಹೆಜ್ಜೆ. ಆದರೆ ತೊಟ್ಟಿನಲ್ಲಿ ಮುಳ್ಳಿಲ್ಲದ ಬದನೆಯನ್ನು ಗುಳ್ಳ ಎಂದು ಮಾರುವವರ ಹತ್ತಿರ ನಾನು ವ್ಯಾಪಾರ ಮಾಡುವುದಿಲ್ಲ. ಚೀಲ ತುಂಬಿಸಿಕೊಂಡು ಹೊಳೆಯ ಬದಿಯ ದಾರಿಯಲ್ಲಿ ಬಸ್ಸಿಗೆಂದು ಬರುತ್ತಿದ್ದಾಗ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಚಿಪ್ಪಿನ ಸುಣ್ಣ, ಆಗಷ್ಟೇ ನೀರು ಹಾಕಿ ಕುದಿಸಿದ್ದು. ತಲೆ ಎತ್ತಿ ನೋಡಿದರೆ ನಮ್ಮ ಹಳೆಯ ಶಾಲೆ. ಅಂಗಳದಲ್ಲಿ ಡ್ರಮ್ಮು, ಬಕೆಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದ ನಾಲ್ಕೈದು ಹೆಂಗಸರು, ಏಣಿಯ ಮೇಲೊಬ್ಬ ಗಂಡಸು. ನಾಳೆಯೋ ನಾಡಿದ್ದೋ ಯಾರೋ ದೊಡ್ಡವರು ಬರುತ್ತಾರೆ ಎಂದು ಯಾರೂ ಹೇಳದೆಯೇ ನನಗೆ ಗೊತ್ತಾಯಿತು. ಕಾಲು ತಾನಾಗಿ ಗೇಟಿನೊಳಗೆ ಹೋಯಿತು.

ಆ ಶಾಲೆಯಲ್ಲಿ ನನ್ನ ಮಗಳು ಸುಮನಾ ಓದಿದ್ದು. ಎರಡು ಸಾವಿರದ ಇಸವಿ ಕಳೆದು ಹೆಚ್ಚು ಕಾಲ ಆಗಿರಲಿಲ್ಲ. ನಮ್ಮವರು ಅಲ್ಲಿನ ಸಣ್ಣ ದೇವಸ್ಥಾನದಲ್ಲಿ ಪೂಜೆಗಿದ್ದರು, ನಾವು ಅದರ ಹಿಂದಿನ ಮನೆಯಲ್ಲಿದ್ದೆವು. ಬೆಳಿಗ್ಗೆ ಆದರೆ ಉಡುಪಿಯ ಇಂಗ್ಲಿಷ್ ಮೀಡಿಯಂ ಶಾಲೆಗಳ ವ್ಯಾನು ಊರಿಗೆ ಬಂದು, ಅನುಕೂಲ ಇದ್ದವರ ಮಕ್ಕಳನ್ನು ಹೆಕ್ಕಿಕೊಂಡು ಹೋಗುತ್ತಿತ್ತು. ಮದುವೆ, ಉಪನಯನ ಎಂದು ಎಲ್ಲಿ ಹೋದರೂ ನಮ್ಮ ನೆಂಟರಿಗೆ ಒಂದೇ ಪ್ರಶ್ನೆ: "ಪದ್ಮಾ, ಭಟ್ರ ಮಗಳು ಸರಕಾರಿ ಶಾಲೆಗಾ?" ನಾನು "ಸರಕಾರ ನಮ್ಮದೇ ಅಲ್ವಾ?" ಎಂದು ಕೇಳಿ ಎಲೆಗೆ ಪಾಯಸ ಹಾಕಿಸಿಕೊಳ್ಳುತ್ತಿದ್ದೆ. ಧೈರ್ಯವೇನೂ ಅಲ್ಲ. ವ್ಯಾನಿಗೆ ಕೊಡುವಷ್ಟು ದಕ್ಷಿಣೆ ಆ ದೇವರಿಗೆ ಬರುತ್ತಿರಲಿಲ್ಲ. ಜೊತೆಗೆ, ಸುಮನಾಳಿಗೆ ಆ ಶಾಲೆ ಇಷ್ಟವಾಗಿತ್ತು. ಅದಕ್ಕೆ ಕಾರಣ ರೇಣುಕಾ.

ರೇಣುಕಾ ಯಲ್ಲವ್ವನ ಮಗಳು. ಬಾಗಲಕೋಟೆ ಕಡೆಯವರು. ಹೊಳೆಗೆ ಹೊಸ ಸೇತುವೆ ಕಟ್ಟುವ ಕೆಲಸಕ್ಕೆ ಬಂದು, ದಂಡೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಸಂಸಾರಗಳಲ್ಲಿ ಅವರದ್ದೂ ಒಂದು. ಸುಮನಾ ಮತ್ತು ರೇಣುಕಾ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಒಬ್ಬಳಿಗೆ ಲೆಕ್ಕ ಬಾರದು, ಇನ್ನೊಬ್ಬಳಿಗೆ ಚಿತ್ರ ಬಾರದು, ಹಾಗಾಗಿ ಸ್ನೇಹ ಗಟ್ಟಿಯಾಗಿತ್ತು. ಸಂಜೆ ನಮ್ಮ ಜಗಲಿಯಲ್ಲಿ ರೇಣುಕಾ ಲೆಕ್ಕ ಹೇಳಿಕೊಡುತ್ತಿದ್ದಾಗ ಸ್ವರ ಥೇಟ್ ಹೆಡ್ ಟೀಚರದ್ದು. "ಏ, ಇಲ್ಲಿ ನೋಡು, ಮನಸ್ಸು ಎಲ್ಲಿ ಉಂಟು ನಿಂದು?" ಎಂದು ಮಂಗಳೂರು ಕನ್ನಡದಲ್ಲಿ ಗದರುವಳು. ಅವಳ ತಾಯಿಗೆ ಅದನ್ನು ಕೇಳಿ ನಗುವೋ ನಗು.

ಶಾಲೆಗೆ ಪೋಷಕರದ್ದೇ ಸಮಿತಿ ಆಗಬೇಕು ಎಂಬ ಹೊಸ ನಿಯಮ ಬಂದದ್ದು ಆ ದಿನಗಳಲ್ಲಿ. ಅದುವರೆಗೆ ಶಾಲೆಯೆಂದರೆ ಊರ ಹತ್ತು ಸಮಸ್ತರದ್ದು. ವಾರ್ಷಿಕೋತ್ಸವಕ್ಕೆ ಬಂದು ಕುರ್ಚಿಯಲ್ಲಿ ಕೂತು ಹೋಗುವವರದ್ದು. ಈಗ ಮಕ್ಕಳನ್ನು ಕಳಿಸುವವರೇ ಮೀಟಿಂಗ್ ಮಾಡಬೇಕಾಯಿತು. ಗುಳ್ಳ ಬೆಳೆಯುವ ಶೇಖರಣ್ಣ ಅಧ್ಯಕ್ಷರಾದರು. ಅವರ ಮಗಳು ಆಗ ಮೂರನೆಯಲ್ಲಿದ್ದಳು. ನನ್ನನ್ನೂ ಸೇರಿಸಿದರು. ಕಾರಣ ಕೇಳಿದ್ದಕ್ಕೆ ಶೇಖರಣ್ಣ, "ನಿಮಗೆ ಒಳ್ಳೆ ಕನ್ನಡ ಬರ್ತದಲ್ವಾ ಪದ್ಮಕ್ಕ, ಆಫೀಸರ್‌ಗಳ ಹತ್ರ ಮಾತಾಡ್ಲಿಕ್ಕೆ ಒಬ್ರು ಬೇಕು" ಎಂದರು. ಆ ಒಳ್ಳೆ ಕನ್ನಡವೇ ನಮಗೆ ಮುಳುವಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು.

ಶಾಲೆಯ ಅವಸ್ಥೆ ಹೇಳುತ್ತೇನೆ. ಏಳು ತರಗತಿಗೆ ಮೂವರು ಟೀಚರು. ಲೆಕ್ಕದ ಮಾಷ್ಟ್ರು ನಿವೃತ್ತರಾದ ಮೇಲೆ ಇಬ್ಬರೇ ಉಳಿದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಪಡು ದಿಕ್ಕಿನ ಕೋಣೆಯ ಮಾಡಿನ ತೊಲೆಗೆ ಗೆದ್ದಲು ಹಿಡಿದು, ಅದರ ಗೋಡೆಯಿಂದ ಮಳೆಗಾಲದಲ್ಲಿ ನೀರು ಸುರಿಯುತ್ತಿತ್ತು. ಹಾಗಾಗಿ ಆರು ಮತ್ತು ಏಳನೆಯ ಮಕ್ಕಳು ಜಗಲಿಯಲ್ಲಿ ಕೂರುತ್ತಿದ್ದರು. ಹೆಡ್ ಟೀಚರು ಲೀಲಾವತಿ ಎಂದು, ಕಾರ್ಕಳದವರು. ದಿನವೂ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಆ ಹೆಂಗಸು ಒಂದು ಕಣ್ಣು ಒಳಗೆ, ಒಂದು ಕಣ್ಣು ಜಗಲಿಗೆ ಇಟ್ಟು ಬಾಗಿಲಲ್ಲೇ ನಿಂತು ಪಾಠ ಮಾಡುತ್ತಿದ್ದರು. ನಾನು ಅವರನ್ನು ಕುರ್ಚಿಯಲ್ಲಿ ಕಂಡದ್ದು ಕಡಿಮೆ.

ಜನವರಿಯಲ್ಲಿ ಅವರೇ ಸುದ್ದಿ ತಂದರು. ಉಡುಪಿಯಿಂದ ಇಲಾಖೆಯ ಸಾಹೇಬರು ಶಾಲೆ ನೋಡಲು ಬರುತ್ತಾರೆ. ಆರು, ಏಳು ಇಲ್ಲಿ ಇರಬೇಕೋ ಅಥವಾ ಹೆದ್ದಾರಿಯ ಆಚೆಯ ದೊಡ್ಡ ಶಾಲೆಗೆ ಸೇರಿಸಬೇಕೋ ಎಂದು ತೀರ್ಮಾನ ಮಾಡಲಿಕ್ಕುಂಟು. ಇಲ್ಲಿಯೇ ಇರಬೇಕಾದರೆ ಒಬ್ಬ ಟೀಚರು ಬೇಕು, ಕೋಣೆ ಸರಿಯಾಗಬೇಕು. "ಪೋಷಕರು ನೀವೇ ಕೇಳ್ಬೇಕು ಮಾರಾಯ್ರೆ. ನಾವು ಟೀಚರ್ಸ್ ಕೇಳಿದ್ರೆ ಅದು ನಮ್ಮ ಗೋಳು ಅಂತ ಆಗ್ತದೆ" ಎಂದರು.

ನಾವು ಕೇಳಲಿಕ್ಕೆ ತಯಾರಾದ ರೀತಿ ನೋಡಬೇಕಿತ್ತು. ಸಾಹೇಬರು ಬರುತ್ತಾರೆ ಎಂದರೆ ನಮ್ಮ ಊರಿಗೆ ಅರ್ಥವಾದದ್ದು ಒಂದೇ, ಮನೆಗೆ ನೆಂಟರು ಬರುತ್ತಾರೆ. ನೆಂಟರು ಬರುವಾಗ ಹರಿದ ಚಾಪೆಯನ್ನು ಒಳಗಿಟ್ಟು ಹೊಸ ಚಾಪೆ ಹಾಸಬೇಕು. ಗುಳ್ಳದ ಕೊಯ್ಲಿನ ಮಧ್ಯೆ ಪುರುಸೊತ್ತು ಮಾಡಿಕೊಂಡು ಮೂವತ್ತು ಮನೆಯವರು ಬಂದರು. ಡ್ರಮ್ಮಿನಲ್ಲಿ ಸುಣ್ಣ ಕುದಿಯಿತು. ಒಂದಿಷ್ಟು ನೀಲಿ ಬೆರೆಸಿ ಒಳಗೆ ಹೊರಗೆ ಎರಡೆರಡು ಸಲ ಬಳಿದೆವು. ಸುರಿಯುವ ಗೋಡೆಗೆ ಮೂರು ಸಲ. ಅದರ ಮೇಲೆ ಹಣ್ಣುಗಳ ಚಾರ್ಟು, ಹಕ್ಕಿಗಳ ಚಾರ್ಟು. ತೊಲೆ ಕಾಣದ ಹಾಗೆ ಬಣ್ಣದ ಕಾಗದದ ತೋರಣ. ಭಜನಾ ಮಂದಿರದಿಂದ ಕುರ್ಚಿ, ಜಮಖಾನೆ. ಜಗಲಿಯ ಮಕ್ಕಳನ್ನು ಅವತ್ತಿಗೆ ಒಳಗೆ ಕೂರಿಸಿ ಜಗಲಿಯಲ್ಲಿ ಹೂಕುಂಡಗಳನ್ನು ಸಾಲಾಗಿಟ್ಟೆವು. ನಾನೂ ತುದಿಗಾಲಿನಲ್ಲಿ ನಿಂತು ಚಾರ್ಟಿಗೆ ಮೊಳೆ ಹೊಡೆದವಳೇ. ಮುಗಿಸಿ ಕೈ ತೊಳೆದು ದೂರ ನಿಂತು ನೋಡಿದಾಗ ಎಲ್ಲರಿಗೂ ಎದೆ ತುಂಬಿ ಬಂದಿತ್ತು.

ಸಾಹೇಬರು ಒಳ್ಳೆಯ ಮನುಷ್ಯ. ಮೈಸೂರು ಕಡೆಯವರು, ಮೆತ್ತಗಿನ ಮಾತು. ಜೀಪಿನಿಂದ ಇಳಿದ ಕೂಡಲೇ ಶೇಖರಣ್ಣ ಬೆಲ್ಲ ನೀರು ಕೊಟ್ಟರು. ಆಮೇಲೆ ಬೊಂಡ ಕೆತ್ತಿ ಕೊಟ್ಟರು. ಎಳನೀರಿಗೆ ನಮ್ಮಲ್ಲಿ ಬೊಂಡ ಎನ್ನುವುದು. ಆಮೇಲೆ ಗೋಳಿಬಜೆ, ಚಾ. ಮಕ್ಕಳು ಸ್ವಾಗತ ಗೀತೆ ಹಾಡಿದರು. ನಾನು ಸ್ವಾಗತ ಭಾಷಣ ಮಾಡಿದೆ. "ತಮ್ಮ ಅಮೂಲ್ಯ ಸಮಯವನ್ನು ನಮಗಾಗಿ ಮೀಸಲಿಟ್ಟು ಆಗಮಿಸಿರುವ ಮಾನ್ಯರೇ" ಎಂದು ಶುರುವಾದ ಆ ಮಾತು ಎಲ್ಲಿಯೂ ಟೀಚರು ಬೇಕು ಎನ್ನುವಲ್ಲಿಗೆ ಮುಟ್ಟಲೇ ಇಲ್ಲ. ತಿಂಡಿ ತಿನ್ನುತ್ತಿರುವ ನೆಂಟರ ಎದುರು ಕಷ್ಟ ತೋಡಿಕೊಳ್ಳುವುದು ಹೇಗೆ? ಶೇಖರಣ್ಣ ಕೇಳುತ್ತಾರೆ ಎಂದು ನಾನು, ನಾನು ಕೇಳುತ್ತೇನೆ ಎಂದು ಶೇಖರಣ್ಣ, ನಾವಿಬ್ಬರೂ ಕೇಳುತ್ತೇವೆ ಎಂದು ಲೀಲಾವತಿ ಟೀಚರು. ಹೊರಡುವಾಗ ಜೀಪಿನ ಹಿಂದೆ ಒಂದು ಗೋಣಿ ಗುಳ್ಳ ಹಾಕಿದೆವು. ಸಾಹೇಬರು ಬೇಡ ಬೇಡ ಎಂದರು. ಬೇಡ ಎನ್ನುವುದು ನೆಂಟರ ಧರ್ಮ, ಹಾಕುವುದು ನಮ್ಮ ಧರ್ಮ. "ಇಷ್ಟು ಅಚ್ಚುಕಟ್ಟಾದ ಶಾಲೆ ನಾನು ನೋಡಿರಲಿಲ್ಲ. ಇಂಥ ಪೋಷಕರಿದ್ದರೆ ಸರ್ಕಾರಕ್ಕೆ ಕೆಲಸವೇ ಇರುವುದಿಲ್ಲ" ಎಂದು ಕೈ ಮುಗಿದು ಹೋದರು. ನಾವು ಚಪ್ಪಾಳೆ ತಟ್ಟಿದೆವು.

ಮೇ ತಿಂಗಳಲ್ಲಿ ಲೀಲಾವತಿ ಟೀಚರು ರಜೆಯಲ್ಲಿದ್ದವರು ನಮ್ಮ ಮನೆಗೇ ಬಂದರು. ಆರು ಮತ್ತು ಏಳು ಜೂನಿನಿಂದ ಹೆದ್ದಾರಿಯ ಆಚೆಗೆ. ಕೋಣೆ ಚೆನ್ನಾಗಿದೆ, ಹಾಗಾಗಿ ರಿಪೇರಿ ಇಲ್ಲ. ಪೋಷಕರು ಅನುಕೂಲಸ್ಥರು, ಮಕ್ಕಳನ್ನು ಕಳಿಸುವ ವ್ಯವಸ್ಥೆ ಮಾಡಿಕೊಳ್ಳಬಲ್ಲರು. ಇದೆಲ್ಲ ನಾವೇ ತೋರಿಸಿದ್ದು. ನಾನು ಟೀಚರಿಗೆ ನೀರು ಕೊಡುವುದನ್ನೂ ಮರೆತು ಕೂತುಬಿಟ್ಟೆ.

ಹೆದ್ದಾರಿ ಎಂದರೆ ಆಗಿನದ್ದು. ಅಗಲ ಇಲ್ಲ, ನಡುವೆ ತಡೆ ಇಲ್ಲ. ಮೀನಿನ ಲಾರಿಗಳು ಕಣ್ಣು ಮುಚ್ಚಿ ಓಡುತ್ತಿದ್ದವು. ಆದರೂ ನಮ್ಮಂಥವರು ಹೇಗೋ ಸುಧಾರಿಸಬಹುದಿತ್ತು. ನಮ್ಮವರ ಸೈಕಲ್ ಇತ್ತು, ಶೇಖರಣ್ಣನ ಲೂನಾ ಇತ್ತು. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಇಳಿದು ಕತ್ತಲಾದಾಗ ಹತ್ತಿ ಬರುವ ಯಲ್ಲವ್ವನಿಗೆ ಏನಿತ್ತು?

ಅವಳು ಮರುದಿನವೇ ಬಂದಳು. ನಾನು ಬಾವಿಕಟ್ಟೆಯಲ್ಲಿದ್ದೆ. ಯಾವಾಗಲೂ ದೂರ ನಿಂತು "ಅಕ್ಕಾರ" ಎಂದು ಕರೆಯುವವಳು ಅವತ್ತು ನೇರ ಕಟ್ಟೆಯ ಹತ್ತಿರವೇ ಬಂದಳು.

"ಹೌದೇನ್ರಿ ಅಕ್ಕಾರ, ಸಾಹೇಬ್ರು ಬಂದಿದ್ದು ಇದಕ್ಕಂತ?"

"ಹೌದು ಯಲ್ಲವ್ವ. ಜನವರಿಯಲ್ಲಿ."

"ನಮಗ್ಯಾಕ ಹೇಳಲಿಲ್ರಿ?"

ಮೀಟಿಂಗು ಎಲ್ಲ ಮಧ್ಯಾಹ್ನ ಇರುತ್ತಿತ್ತು, ನಿನಗೆ ಕೆಲಸ ಇರುತ್ತಿತ್ತು ಎಂದೆ. ಹೇಳುವಾಗಲೇ ನಾಚಿಕೆಯಾಯಿತು. ಶೆಡ್ಡಿನವರು ಪೋಷಕರು ಹೌದೋ ಅಲ್ಲವೋ ಎಂದು ನಾವು ಯಾರೂ ಯೋಚನೆಯೇ ಮಾಡಿರಲಿಲ್ಲ.

"ಹೊಟ್ಟಿ ನೋವು ಅಂತ ಡಾಕ್ಟರ್ ಹತ್ರ ಹೋಗಿ ನಕ್ಕೋತ ಕುಂತ್ರ ಅವ ಔಷಧ ಕೊಡ್ತಾನೇನ್ರಿ? ಸುಣ್ಣಾ ಹಚ್ಚಿ ಹುಣ್ಣು ಮುಚ್ಚಿಟ್ರಿ ನೀವು. ನಿಮ್ಮ ಮಕ್ಕಳು ಹೋಗ್ತಾವು. ನನ್ನ ಮಗಳನ್ನ ಆ ಲಾರಿ ರಸ್ತಾ ದಾಟಿಸೋರು ಯಾರು? ನಾ ಕಳಸಂಗಿಲ್ಲ." ಆಮೇಲೆ ಸ್ವರ ಇಳಿಸಿ, "ನನ್ನ ಜೋಡಿ ಕೆಲಸಕ್ಕ ಬರ್ತಾಳ ಬಿಡ್ರಿ" ಎಂದಳು.

ಜೂನಿನಲ್ಲಿ ಶಾಲೆ ಶುರುವಾದಾಗ, ಟಿ.ಸಿ. ಇನ್ನೂ ತೆಗೆಯದ ಸುಮನಾ ಹಳೆಯ ಶಾಲೆಯ ಬೆಂಚಿನಲ್ಲೇ ಒಬ್ಬಳೇ ಕೂತಳು. ಸಂಜೆ ಜಗಲಿಗೆ ಲೆಕ್ಕ ಹೇಳಿಕೊಡಲು ಯಾರೂ ಬರಲಿಲ್ಲ. ದೇವಸ್ಥಾನಕ್ಕೆ ಹೂ ಕೊಯ್ಯಲು ಹೊಳೆಯ ಬದಿಗೆ ಹೋದಾಗ ಸೇತುವೆಯ ಹತ್ತಿರ ರೇಣುಕಾ ತಲೆಯ ಮೇಲೆ ಜಲ್ಲಿಯ ಬಾಣಲೆ ಹೊತ್ತು ನಡೆಯುವುದು ಕಾಣುತ್ತಿತ್ತು. ನನ್ನನ್ನು ಕಂಡರೆ ಮುಖ ಆಚೆ ತಿರುಗಿಸುತ್ತಿದ್ದಳು. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ನಮ್ಮ ಸಮಿತಿ ನಿಜವಾಗಿ ಹುಟ್ಟಿತು ಎನ್ನಬೇಕು. ಮೊದಲ ಕೆಲಸ, ಮೀಟಿಂಗನ್ನು ಮಧ್ಯಾಹ್ನದಿಂದ ತೆಗೆದು, ಕೂಲಿಯವರು ಕೆಲಸದಿಂದ ಬಂದು ಕಾಲು ತೊಳೆಯುವ ಹೊತ್ತಿಗೆ ಇಟ್ಟೆವು. ದೇವಸ್ಥಾನದ ಹೆಬ್ಬಾಗಿಲಿನ ಜಗಲಿ ಎಲ್ಲರಿಗೂ ಹತ್ತಿರ, ಅಲ್ಲೇ ಸೇರಿದೆವು. ಯಲ್ಲವ್ವ ಬಂದಳು, ಶೆಡ್ಡಿನ ಇನ್ನೂ ನಾಲ್ವರು ಬಂದರು. ಎರಡನೆಯದ್ದು, ಆರು ಏಳರ ಮಕ್ಕಳ ಟಿ.ಸಿ. ಯಾರೂ ತೆಗೆದುಕೊಳ್ಳುವುದಿಲ್ಲ ಎಂದು ಮಾತಾಯಿತು. ಟೀಚರು ಇರಲಿ ಬಿಡಲಿ, ಮಕ್ಕಳು ಶಾಲೆಯ ಜಗಲಿಯಲ್ಲೇ ಕೂರುತ್ತಾರೆ. ಟೀಚರಿಲ್ಲದ ಜಗಲಿಗೆ ರೇಣುಕಾಳನ್ನು ಕಳಿಸಲು ಮಾತ್ರ ಯಲ್ಲವ್ವ ಒಪ್ಪಲಿಲ್ಲ. ಮೂರನೆಯದ್ದು, ಉಡುಪಿಗೆ ಹೋಗಿ ಸಾಹೇಬರನ್ನು ಕಂಡು ಮತ್ತೊಮ್ಮೆ ಬನ್ನಿ ಎಂದು ಕೇಳುವುದು.

ಶೇಖರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ ಒಬ್ಬರೇ ಹೋಗಿ ಬಂದರು. ಎಂತ ಆಯಿತು ಎಂದರೆ ತಲೆ ತುರಿಸಿದರು.

"ಒಳ್ಳೆ ಮಾತಾಡಿದ್ರು ಪದ್ಮಕ್ಕ. ಕೂತ್ಕೊಳ್ಳಿ ಅಂದ್ರು. ಚಾ ತರ್ಸಿದ್ರು. ನಾನು, ಹೋದ ಸಲ ಬಂದದ್ದಕ್ಕೆ ಧನ್ಯವಾದ ಅಂದೆ."

"ಮತ್ತೆ?"

"ಮತ್ತೆ ಬಂದೆ."

ಅವತ್ತಿನ ಮೀಟಿಂಗಿನಲ್ಲಿ ಎಲ್ಲರೂ ನಕ್ಕರು. ಆಮೇಲೆ ನಾವು ಯೋಚಿಸಿದೆವು. ಶೇಖರಣ್ಣ ಪುಕ್ಕಲರಲ್ಲ. ಗುಳ್ಳದ ದರಕ್ಕೆ ದಲ್ಲಾಳಿಗಳ ಜೊತೆ ತುಳುವಿನಲ್ಲಿ ಅವರು ಮಾಡುವ ಜಗಳ ನೋಡಲೆಂದೇ ಜನ ನಿಲ್ಲುತ್ತಿದ್ದರು. ಆದರೆ ತುಳುವಿನಲ್ಲಿ ಹುಲಿಯಾದವರು ಕನ್ನಡಕ್ಕೆ ಬಂದ ಕೂಡಲೇ ದನವಾಗುತ್ತಿದ್ದರು. ನಾವೆಲ್ಲ ಹಾಗೆಯೇ. ಮನೆಯ ಪ್ರೀತಿ, ಮುನಿಸು, ಬೈಗಳು ಎಲ್ಲ ತುಳುವಿನಲ್ಲಿ. ಕನ್ನಡವನ್ನು ನಾವು ಶಾಲೆಯಲ್ಲಿ, ಸಭೆಯಲ್ಲಿ ಕಲಿತವರು. ಅದರಲ್ಲಿ ನಮಗೆ ಸ್ವಾಗತ ಬರುತ್ತದೆ, ವಂದನಾರ್ಪಣೆ ಬರುತ್ತದೆ. ನಡುವೆ ಒಂದು ಜಗಳ ಮಾಡಬೇಕಾದರೆ ಅದಕ್ಕೆ ಬೇಕಾದ ಕನ್ನಡ ನಮ್ಮ ಬಾಯಲ್ಲಿ ಇರಲಿಲ್ಲ. ಯಲ್ಲವ್ವನಿಗೆ ಹಾಗಲ್ಲ. ಅವಳು ಕನ್ನಡದಲ್ಲೇ ಹುಟ್ಟಿ, ಕನ್ನಡದಲ್ಲೇ ಹಸಿದು, ಕನ್ನಡದಲ್ಲೇ ಜಗಳಾಡಿ ಬೆಳೆದವಳು.

ಹಾಗಾಗಿ ನಾನು ಒಂದು ಉಪಾಯ ಮಾಡಿದೆ. ದೇವಸ್ಥಾನದ ಜಗಲಿಯಲ್ಲಿ ಅಭ್ಯಾಸ ಶುರುವಾಯಿತು. ಸಾಹೇಬರ ಪಾತ್ರಕ್ಕೆ ನಮ್ಮವರನ್ನು ಕೂರಿಸಿದೆವು. ಪೂಜೆ ಮುಗಿಸಿ ಶಾಲು ಹೊದ್ದು ಬಂದ ಅವರಿಗೆ ಹೆಣ್ಣುಮಕ್ಕಳು ಸ್ಟೂಲು ಹಾಕಿ, ಕೈಗೆ ಒಂದು ಫೈಲು ಎಂದು ಪಂಚಾಂಗ ಕೊಟ್ಟರು. ಒಬ್ಬೊಬ್ಬರೇ ಹೋಗಿ ಕೇಳಬೇಕು. "ಸಾರ್, ಟೀಚರು ಬೇಕು" ಎಂಬ ಮೂರು ಶಬ್ದ ಹೇಳಲಿಕ್ಕೆ ಕೆಲವರಿಗೆ ಬೆವರು ಬಂತು. ಒಬ್ಬಳಂತೂ ಹೇಳಿ ಮುಗಿಸಿ ಪ್ರಸಾದಕ್ಕೆಂದು ಕೈ ಚಾಚಿದಳು. ಯಲ್ಲವ್ವನ ಸರದಿ ಬಂತು. ಸೊಂಟಕ್ಕೆ ಕೈ ಕೊಟ್ಟು ನಿಂತವಳು ಕೇಳಿದ್ದು ಇಷ್ಟೇ: "ನಿಮ್ಮ ಮಗಳಿಗೆ ಒಂದ್ ನ್ಯಾಯ, ನನ್ನ ಮಗಳಿಗೆ ಒಂದ್ ನ್ಯಾಯ ಐತೇನ್ರಿ ಸಾಹೇಬ್ರ?" ಹುಟ್ಟಿದಾರಭ್ಯ ಯಾರಿಗೂ ಎದುರಾಡದ ನಮ್ಮವರು ಪಂಚಾಂಗ ಮುಚ್ಚಿ, "ಇಲ್ಲಮ್ಮ, ಟೀಚರನ್ನು ನಾಳೆಯೇ ಕೊಡ್ತೇನೆ" ಎಂದುಬಿಟ್ಟರು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನಾನು ಕೇಳಿದ್ದು ಒಂದೂ ಅಷ್ಟು ಬೇಗ ಸಿಕ್ಕಿರಲಿಲ್ಲ.

ಮುಂದಿನ ವಾರ ಉಡುಪಿಗೆ ಹೋದದ್ದು ನಾವು ಹತ್ತು ಮಂದಿ, ಅರ್ಧ ದಿನದ ಕೂಲಿ ಬಿಟ್ಟು ಬಂದವರೂ ಸೇರಿ. ಚಾ ಬರುವ ಮೊದಲೇ ಕೇಳಿದೆವು. ಸಾಹೇಬರಿಗೆ ಆಶ್ಚರ್ಯವಾಯಿತು. "ನಾನೇ ನೋಡಿದ್ದೇನಲ್ಲ, ಎಲ್ಲ ಚೆನ್ನಾಗಿತ್ತಲ್ಲ" ಎಂದರು. "ಇನ್ನೊಮ್ಮೆ ಬನ್ನಿ ಸಾರ್, ಮಳೆ ಇರುವಾಗ ಬನ್ನಿ" ಎಂದೆ ನಾನು. ಸಮಯ ಸಿಕ್ಕಿದರೆ ಬರುತ್ತೇನೆ ಎಂದರು. ಹಾಗೆಂದವರು ಬರುವುದಿಲ್ಲ ಎಂದು ದಾರಿಯಲ್ಲಿ ಬಸ್ಸಿನಲ್ಲಿ ಎಲ್ಲರೂ ತೀರ್ಮಾನಿಸಿದೆವು.

ಬಂದರು. ಜುಲೈಯ ಒಂದು ಬೆಳಿಗ್ಗೆ, ಕಡಲ ಕಡೆಯಿಂದ ಮೋಡ ಕಟ್ಟಿಕೊಂಡು ಬರುತ್ತಿದ್ದಾಗ. ಹಿಂದಿನ ದಿನ ಲೀಲಾವತಿ ಟೀಚರು ಸುದ್ದಿ ಕೊಟ್ಟಿದ್ದರು. ಆ ಸಂಜೆ ನಮಗೆ ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನೆ ಕೂರುವುದು. ಶೇಖರಣ್ಣನ ಹೆಂಡತಿ ಪೊರಕೆ ಹಿಡಿದು ಬಂದವಳನ್ನು ನಾನು ಗೇಟಿನಿಂದ ತಿರುಗಿ ಕಳಿಸಿದೆ. ಚಾರ್ಟುಗಳನ್ನು ತೆಗೆದೆವು. ಜನವರಿಯ ಸುಣ್ಣ ಆ ಗೋಡೆಯಲ್ಲಿ ಚಕ್ಕೆ ಚಕ್ಕೆಯಾಗಿ ಎದ್ದು, ಅಡಿಯಲ್ಲಿ ಹಸಿರು ಪಾಚಿ ಕಾಣುತ್ತಿತ್ತು. ಒಂದೇ ಒಂದು ರಾಜಿ ಆಯಿತು. ಬೊಂಡ ತರಬೇಕು ಎಂದು ಶೇಖರಣ್ಣ ಹಟ ಹಿಡಿದರು. ಬಾಯಾರಿ ಬಂದವರಿಗೆ ನೀರು ಕೊಡದಿದ್ದರೆ ಊರಿಗೆ ಒಳ್ಳೆಯದಾಗುವುದಿಲ್ಲ ಎಂದರು. ಆಯಿತು, ತನ್ನಿ, ಆದರೆ ಮಾತು ಮುಗಿಯುವವರೆಗೆ ಕತ್ತಿ ಮುಟ್ಟುವ ಹಾಗಿಲ್ಲ ಎಂದೆವು.

ಸಾಹೇಬರು ಜಗಲಿ ಹತ್ತುವುದಕ್ಕೂ ಮಳೆ ಬೀಳುವುದಕ್ಕೂ ಸರಿಹೋಯಿತು. ಪಡುಗಾಳಿಗೆ ಎರಚಲು ಒಳಗೆ ಹೊಡೆಯಿತು. ಯಾರೂ ಹೇಳದೆ, ಪಾಠ ನಿಲ್ಲಿಸದೆ, ಮಕ್ಕಳೆಲ್ಲ ಒಟ್ಟಿಗೆ ಚೀಲವನ್ನು ಮಡಿಲಿಗೆ ಎತ್ತಿಕೊಂಡು ಮಳೆಗೆ ಬೆನ್ನು ಹಾಕಿ ಗೋಡೆಯ ಕಡೆಗೆ ತಿರುಗಿ ಕೂತರು. ಬೆನ್ನು ನೆನೆದರೆ ಒಣಗುತ್ತದೆ, ಪುಸ್ತಕ ನೆನೆದರೆ ಒಣಗುವುದಿಲ್ಲ ಎಂದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಲೀಲಾವತಿ ಟೀಚರು ಒಳಗಿನಿಂದ ಮೂರರ ಮಗ್ಗಿ ಹೇಳಿಸುತ್ತಲೇ ಹೊರಗೆ ಬಂದು ಒಂದು ವಾಕ್ಯ ಬರೆಸಿ ಮತ್ತೆ ಒಳಗೆ ಹೋದರು. ಸಾಹೇಬರು ಕೊಡೆ ಮಡಚಲು ಮರೆತು ನಿಂತಿದ್ದರು.

"ಕೂತ್ಕೊಳ್ಳಿ ಸಾರ್" ಎಂದು ಶೇಖರಣ್ಣ ಮಕ್ಕಳ ಬೆಂಚನ್ನೇ ತೋರಿಸಿದರು. ಅಭ್ಯಾಸ ಮಾಡಿದ್ದನ್ನು ಹೇಳಲು ಬಾಯಿ ತೆರೆದರು. "ಮಾನ್ಯರೇ" ಎಂದರು. ಅಷ್ಟೇ. ಮುಂದಿನದ್ದು ಬರಲಿಲ್ಲ. ಅವರ ಕಣ್ಣು ಮೂಲೆಯ ಬೊಂಡಗಳ ಕಡೆಗೆ ಹೋಯಿತು, ಕಾಲೂ ಒಂದು ಹೆಜ್ಜೆ ಹೋಯಿತು. ನಾನು ಅಡ್ಡ ನಿಂತೆ. "ತುಳುವಿನಲ್ಲೇ ಹೇಳಿ ಶೇಖರಣ್ಣ, ನಾನು ಕನ್ನಡ ಮಾಡ್ತೇನೆ" ಎಂದೆ.

ಆಮೇಲೆ ಅವರು ಮಾತಾಡಿದರು. ಸಂತೆಯಲ್ಲಿ ಮಾತಾಡುವ ಹಾಗೆ, ಕೈ ಬೀಸಿ, ಗಂಟಲು ಎತ್ತಿ. ನಾವು ಬೆಳೆದ ಗುಳ್ಳಕ್ಕೆ ಹುಳ ಬಂದರೆ ಓಡಿ ಬಂದು ನೋಡುವ ಸರಕಾರಕ್ಕೆ ಮಕ್ಕಳು ನೆನೆಯುವುದು ಕಾಣುವುದಿಲ್ಲವಾ, ನಾವು ಕಂದಾಯ ಕಟ್ಟುವುದಿಲ್ಲವಾ, ಬಡವರ ಮಕ್ಕಳು ಓದಬೇಕಾದರೆ ಲಾರಿಯ ಅಡಿಗೆ ಹೋಗಬೇಕಾ ಎಂದರು. ನಾನು, "ಇಲಾಖೆಯವರು ದಯವಿಟ್ಟು ಮಕ್ಕಳ ಕಡೆ ಗಮನ ಹರಿಸಬೇಕೆಂದು ಅಧ್ಯಕ್ಷರು ವಿನಂತಿಸುತ್ತಾರೆ" ಎಂದೆ.

"ಅಕ್ಕಾರ, ಸಕ್ಕರಿ ಹಾಕಬ್ಯಾಡ್ರಿ" ಎಂದಿತು ಹಿಂದಿನಿಂದ ಒಂದು ಸ್ವರ. ಯಲ್ಲವ್ವ. ಸಿಮೆಂಟಿನ ಚೀಲವನ್ನು ಮಳೆಗೆ ಹೊದೆಯುವ ಗೊರಬೆಯ ಹಾಗೆ ತಲೆಗೆ ಹಾಕಿಕೊಂಡು ಕೆಲಸದಿಂದ ನೇರ ಬಂದಿದ್ದಳು. ಇಷ್ಟು ವರ್ಷ ಇಲ್ಲಿದ್ದು ತುಳು ಅವಳಿಗೆ ತಿಳಿಯುತ್ತಿತ್ತು. "ಸಾಹೇಬ್ರ, ಅಣ್ಣಾರು ವಿನಂತಿ ಮಾಡಲಿಲ್ರಿ. ನಮ್ಮ ಮಕ್ಕಳು ಬದನಿಕಾಯಿಗಿಂತ ಕಡಿಮೀ ಏನು ಅಂತ ಕೇಳಿದ್ರು."

ಸಾಹೇಬರು ಶೇಖರಣ್ಣನ ಮುಖ ನೋಡಿದರು. ಶೇಖರಣ್ಣ ಹೌದೆಂದು ತಲೆಯಾಡಿಸಿದರು.

"ಜನವರಿಯಲ್ಲಿ ನೀವು ಇದೇನೂ ಹೇಳಲಿಲ್ಲವಲ್ಲ?" ಎಂದರು ಸಾಹೇಬರು. ಸಿಟ್ಟಿನಲ್ಲಿ ಅಲ್ಲ. ನಿಜವಾಗಿ ಅರ್ಥವಾಗದೆ.

ಆಗ ಶೇಖರಣ್ಣನ ಕನ್ನಡ ತಾನಾಗಿ ಬಂತು. "ಆವತ್ತು ನೀವು ನಮ್ಮ ನೆಂಟ್ರು ಸಾರ್. ನೆಂಟ್ರಿಗೆ ಹೇಳ್ಲಿಕ್ಕೆ ಆಗ್ತದಾ? ಇವತ್ತು ನೀವು ನಮ್ಮ ಆಫೀಸರು."

ಸಾಹೇಬರು ಯಲ್ಲವ್ವನ ಕಡೆಗೆ ತಿರುಗಿದರು. ಯಲ್ಲವ್ವನ ಹಿಂದೆ ಮೆಟ್ಟಿಲಿನಲ್ಲಿ ರೇಣುಕಾ ನಿಂತಿದ್ದಳು. ತಲೆ ಒದ್ದೆ, ಕೈಯಲ್ಲಿ ಬಾಣಲೆ. ಬೆಂಚಿನಲ್ಲಿ ಸುಮನಾ ಪಕ್ಕಕ್ಕೆ ಸರಿದು ಜಾಗ ಮಾಡಿದಳು, ಆದರೆ ರೇಣುಕಾ ಮೇಲೆ ಹತ್ತಲಿಲ್ಲ.

"ನೀನು ಎಷ್ಟನೇ ಕ್ಲಾಸು ಮಗು?" ಎಂದು ಸಾಹೇಬರು ಕೇಳಿದರು.

"ಆರನೇದು ಸಾರ್" ಎಂದಳು. ಮತ್ತೆ ತಾಯಿಯ ಮುಖ ನೋಡಿ, "ಈಗ ಅಲ್ಲ" ಎಂದು ಸೇರಿಸಿದಳು.

ಸಾಹೇಬರು ಎದ್ದು ಪಡು ದಿಕ್ಕಿನ ಕೋಣೆಯ ಒಳಗೆ ಹೋದರು. ಆ ಗೋಡೆಯ ಮೇಲೆ ಅಂಗೈ ಇಟ್ಟರು. ಕೈ ತೆಗೆದಾಗ ಸುಣ್ಣದ ಚಕ್ಕೆ, ಪಾಚಿ, ನೀರು ಎಲ್ಲ ಅಂಟಿಕೊಂಡು ಬಂತು. ತೊಲೆಯನ್ನು ನೋಡಿದರು. ತೋರಣ ಇರಲಿಲ್ಲ. ಹೊರಗೆ ಬಂದು ಕೈ ತೊಳೆದು, "ಮತ್ತೇನಾದರೂ ಇದೆಯೇ?" ಎಂದು ಕೇಳಿದರು. ಇಲ್ಲ ಎಂದಾಗ ಶೇಖರಣ್ಣ ಕತ್ತಿ ಎತ್ತಿದ ವೇಗಕ್ಕೆ ಪಾಪ ಸಾಹೇಬರು ಹೆದರಿದರು. ಆದರೂ ಎರಡು ಬೊಂಡ ಕುಡಿದರು. ಗುಳ್ಳದ ಗದ್ದೆಗಳೆಲ್ಲ ನೀರಿನ ಅಡಿಯಲ್ಲಿದ್ದವು, ಜೀಪಿಗೆ ಹಾಕಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಆರು, ಏಳು ನಮ್ಮ ಶಾಲೆಯಲ್ಲೇ ಉಳಿಯುತ್ತದೆ ಎಂದು ಸುದ್ದಿ ಬೇಗ ಬಂತು. ಟೀಚರು ಬರಲು ತಡವಾಯಿತು. ಯಲ್ಲವ್ವ ಮಾತಿಗೆ ಬಗ್ಗುವವಳಲ್ಲ. "ಟೀಚರ್ ಮುಖಾ ನೋಡಿದ ಮ್ಯಾಲ ಕಳಿಸ್ತೀನ್ರಿ" ಎಂದಳು. ನಾನು ದಿನವೂ ಹೂ ಕೊಯ್ಯುವ ನೆಪದಲ್ಲಿ ಬಸ್ಸು ನಿಲ್ಲುವಲ್ಲಿಗೆ ಹೋಗಿ ನೋಡಿ ಬರುತ್ತಿದ್ದೆ. ಚೌತಿಯ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಉದ್ದ ಕೊಡೆ ಹಿಡಿದ ಎಳೆ ಪ್ರಾಯದ ಮಾಷ್ಟ್ರೊಬ್ಬರು ಇಳಿದು ಶಾಲೆಗೆ ದಾರಿ ಕೇಳಿದರು. ನಾನು ಅವರನ್ನು ಶಾಲೆಗೆ ಕರೆದೊಯ್ಯಲಿಲ್ಲ. ಮೊದಲು ಹೊಳೆಯ ದಂಡೆಗೆ ಕರೆದುಕೊಂಡು ಹೋಗಿ ಯಲ್ಲವ್ವನಿಗೆ ಮುಖ ತೋರಿಸಿದೆ. ಆ ಹುಡುಗ ಪಾಪ, ಇದು ಇಲ್ಲಿನ ಕ್ರಮ ಇರಬೇಕು ಎಂದುಕೊಂಡು ಕೈ ಮುಗಿದರು. ಯಲ್ಲವ್ವ ಅವರನ್ನು ಮೇಲಿಂದ ಕೆಳಗೆ ನೋಡಿ, ಮಗಳ ತಲೆಯಿಂದ ಬಾಣಲೆ ಇಳಿಸಿದಳು.

ಮಧ್ಯಾಹ್ನ ರೇಣುಕಾ ಬೆಂಚಿನಲ್ಲಿದ್ದಳು. ಬರೆಯಲು ಹೋದರೆ ಪೆನ್ಸಿಲ್ಲು ಜಾರುತ್ತಿತ್ತು, ಸಿಮೆಂಟು ತಿಂದು ಬೆರಳ ತುದಿಗಳು ಒಡೆದಿದ್ದವು. ಸಂಜೆ ನಾನು ಅವಳ ಕೈಗೆ ತೆಂಗಿನೆಣ್ಣೆ ಹಚ್ಚಿದೆ. "ಸುಮನಾ, ಎಲ್ಲಿಗೆ ಮುಟ್ಟಿದೆ ಲೆಕ್ಕ? ಮನಸ್ಸು ಎಲ್ಲಿ ಉಂಟು ನಿಂದು?" ಎಂದು ಅವಳು ಗದರಿದಾಗ ನಾನು ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ.

ಏಳನೆಯದ್ದನ್ನು ಅವಳು ಅಲ್ಲಿಯೇ ಮುಗಿಸಿದಳು. ಸೇತುವೆ ಮುಗಿದ ಮೇಲೆ ಅವರಿಗೆ ಹೆಜಮಾಡಿಯಲ್ಲಿ ಕೆಲಸ ಸಿಕ್ಕಿತು, ಅಲ್ಲಿಂದ ಎಲ್ಲಿಗೋ. ಹೋಗುವ ದಿನ ಯಲ್ಲವ್ವ ಟಿ.ಸಿ.ಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡಳು. "ಎಲ್ಲಿ ಹೋದ್ರೂ ಮೊದಲ ಸಾಲಿ ಮೀಟಿಂಗ್ ಯಾವಾಗ ಅಂತ ಕೇಳ್ತೀನ್ರಿ ಅಕ್ಕಾರ" ಎಂದಳು. ಆಗ ಮೊಬೈಲು ನಮ್ಮಂಥವರಲ್ಲಿ ಇರಲಿಲ್ಲ. ರೇಣುಕಾ ಎಷ್ಟು ಓದಿದಳು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾವೂ ಆಮೇಲೆ ಆದಿ ಉಡುಪಿಗೆ ಬಂದೆವು. ಕೋಣೆಯ ತೊಲೆ ಬದಲಾಯಿತು ಎಂದು ಕೇಳಿದ್ದೆ. ಅದನ್ನು ನೋಡಲಿಕ್ಕೆಂದು ನಾನು ಒಮ್ಮೆಯೂ ಹೋಗಲಿಲ್ಲ.

ಹೋದ ತಿಂಗಳು ಸುಣ್ಣದ ವಾಸನೆ ಹಿಡಿದು ಗೇಟಿನೊಳಗೆ ಹೋದೆ ಎಂದೆನಲ್ಲ. ಕೋಣೆಗೆ ಹೊಸ ಮಾಡು, ಜಗಲಿಗೆ ಸರಳು. ಎಲ್ಲ ಕಡೆ ಬಿಳಿ ಹಸಿಯಾಗಿ ಹೊಳೆಯುತ್ತಿತ್ತು. ಶೌಚಾಲಯದ ಬದಿಯ ಒಂದು ಗೋಡೆಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಕಪ್ಪು ಹಿಡಿದ, ಉದ್ದಕ್ಕೆ ಬಿರುಕು ಬಿಟ್ಟ ಗೋಡೆ.

"ಇದಕ್ಕೆ ಸುಣ್ಣ ಸಾಕಾಗ್ಲಿಲ್ವಾ?" ಎಂದು ಕುಂಚ ಹಿಡಿದ ಹುಡುಗಿಯನ್ನು ಕೇಳಿದೆ. ಅವಳ ಮಗು ಎರಡನೆಯದ್ದರಲ್ಲಿದೆಯಂತೆ.

"ಸುಣ್ಣ ಉಂಟು ಅಕ್ಕ. ದೊಡ್ಡವರು ನೋಡ್ಲಿಕ್ಕೆ ಬರುವಾಗ ಹಾಳಾದ ಗೋಡೆಗೆ ಸುಣ್ಣ ಕೊಡ್ಲಿಕ್ಕಿಲ್ಲ. ಇಲ್ಲಿಯ ಕ್ರಮ ಅದು."

"ಯಾರು ಮಾಡಿದ ಕ್ರಮ?"

"ಗೊತ್ತಿಲ್ಲ. ಮೊದಲಿಂದ ಉಂಟು." ಅವಳು ಕುಂಚ ಬಕೆಟ್ಟಿಗೆ ಇಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಬಿಸಿಲಿಗೆ ಬಂದಿದ್ದೀರಿ, ಕೂತ್ಕೊಳ್ಳಿ ಅಕ್ಕ. ಒಂದು ಬೊಂಡ ಕೆತ್ತಿ ಕೊಡ್ತೇನೆ."

ನನಗೆ ಬಾಯಾರಿಕೆ ಇತ್ತು. ಆದರೂ ಗುಳ್ಳದ ಚೀಲವನ್ನು ಜಗಲಿಯಲ್ಲಿ ಇಟ್ಟು, "ಬೊಂಡ ಆಮೇಲೆ. ಮೊದಲು ಆ ಗೋಡೆ ತೋರಿಸು" ಎಂದೆ.